ಕಾರ್ಟೂನ್ ಅಂತ ಮೂಗು ಮುರಿಯೋರಿಗೆ: ‘ಕೋಕೊ’ ಬಗ್ಗೆ ಆರು ಮಾತು

(1/6)
ಮೊನ್ನೆ ಸ್ಟೋರಿಯಲ್ಲಿ ‘ಕೋಕೊ’ ಹಾಕಿದ್ದೆ. ಬಂದ ರಿಪ್ಲೈಗಳು ನೋಡಿ: “ಡಿಗ್ರಿ ಓದೋ ವಯಸ್ಸಲ್ಲಿ ಕಾರ್ಟೂನಾ?”, “ಮಗು, ಹಾಲು ಕುಡಿದು ಮಲ್ಕೋ.” ಸ್ಟೋರಿ 24 ಗಂಟೆಗೆ ಮಾಯ ಆಗತ್ತೆ, ಉತ್ತರ ಇಲ್ಲೇ ಉಳೀಲಿ ಅಂತ ಬರೀತಿದ್ದೀನಿ. ಕ್ಲೈಮ್ಯಾಕ್ಸ್ ಕೂಡ ಹೇಳ್ತೀನಿ. ಸಿನಿಮಾ ನೋಡಿಲ್ಲ ಅಂದ್ರೆ ಮೊದಲು ನೋಡ್ಕೊಂಡು ಬಾ ಗುರು, ಜಗಳ ಆಮೇಲೆ ಆಡೋಣ.

(2/6)
ಮೊದಲ ವಾದ: “ಅನಿಮೇಷನ್ ಮಕ್ಕಳಿಗೆ.” ಈ ಮಾತು ನಿನ್ನದೊಬ್ಬನದೇ ಅಲ್ಲ. 2022ರ ಆಸ್ಕರ್ ವೇದಿಕೆಯಲ್ಲೇ ಅನಿಮೇಷನ್ ಪ್ರಶಸ್ತಿ ಕೊಡೋವಾಗ ಮಕ್ಕಳ ಸಿನಿಮಾ ಅನ್ನೋ ಧಾಟಿಯಲ್ಲಿ ಮಾತಾಡಿದ್ರು, ಆ ಕೆಲಸ ಮಾಡೋರೆಲ್ಲ ಸಿಟ್ಟಾದ್ರು. ಮರುವರ್ಷ ಅದೇ ಪ್ರಶಸ್ತಿ ಗೆದ್ದ ಗಿಯೆರ್ಮೊ ದೆಲ್ ತೋರೊ, ಅನಿಮೇಷನ್ ಅಂದ್ರೆ ಸಿನಿಮಾನೇ ಅಂತ ಅಲ್ಲೇ ನಿಂತು ಹೇಳಿದ್ರು.

ಲೀ ಅಂಕ್ರಿಚ್ ನಿರ್ದೇಶನದ ಈ 2017ರ ಪಿಕ್ಸಾರ್ ಸಿನಿಮಾದಲ್ಲಿ ಏನೇನಿದೆ, ಎಣಿಸು. ಗೆಳೆಯನಿಗೇ ವಿಷ ಹಾಕಿ ಅವನ ಹಾಡು ಕದ್ದು ಸ್ಟಾರ್ ಆದವನು. ಗಂಡ ಬಿಟ್ಟುಹೋದ ಅಂತ ಚಪ್ಪಲಿ ಹೊಲಿಯೋದು ಕಲಿತು ಮನೆ ನಡೆಸಿದವಳು. ಮಗಳ ಹೆಸರೇ ನೆನಪಿಲ್ಲದ ಮುತ್ತಜ್ಜಿ. ಇದನ್ನೇ ನಟರು ಮಾಡಿದ್ರೆ ‘ಸೀರಿಯಸ್ ಸಿನಿಮಾ’, ಬಣ್ಣದ ಅಸ್ಥಿಪಂಜರಗಳು ಮಾಡಿದ್ರೆ ‘ಕಾರ್ಟೂನ್’. ಇದ್ಯಾವ ನ್ಯಾಯ?

(3/6)
“ಬರೀ ಕಾಮಿಡಿ” ಅಂದವರಿಗೆ. ಹೌದು, ನಗು ಇದೆ. ಆದರೆ ಆ ನಗು ಏನು ಮಾಡತ್ತೆ ನೋಡು. ಸತ್ತವರ ಲೋಕದಿಂದ ಹಬ್ಬಕ್ಕೆ ಮನೆಗೆ ಬರೋಕೆ ಅಲ್ಲೊಂದು ಚೆಕ್‌ಪೋಸ್ಟ್. ಮನೆಯವರು ನಿನ್ನ ಫೋಟೋ ಇಟ್ಟಿದ್ರೆ ಮಾತ್ರ ದಾಟಬಹುದು. ಹೆಕ್ಟರ್ ಫ್ರೀಡಾ ಕಾಲೊ ವೇಷ ಹಾಕ್ಕೊಂಡು ಬಂದು ಸಿಕ್ಕಿಬೀಳ್ತಾನೆ. ಥಿಯೇಟರೆಲ್ಲ ನಗತ್ತೆ. ಒಂದು ಗಂಟೆ ಕಳೆದ ಮೇಲೆ ಗೊತ್ತಾಗತ್ತೆ, ಅವನು ಹೋಗೋಕೆ ಒದ್ದಾಡ್ತಿದ್ದದ್ದು ಮಗಳನ್ನ ಒಂದು ಸಲ ನೋಡೋಕೆ ಅಂತ. ಆಗ ನಕ್ಕಿದ್ದಕ್ಕೇ ಹೊಟ್ಟೆ ಹಿಂಡತ್ತೆ.

ಇನ್ನೊಂದು ಸೀನ್. ಸಾಯೋ ಹಾಗಿರೋ ಮುದುಕನಿಗೆ ಹೆಕ್ಟರ್ ಒಂದು ಪೋಲಿ ಹಾಡು ಹಾಡ್ತಾನೆ. ಹುಡುಗ ಪಕ್ಕದಲ್ಲಿದ್ದಾನೆ ಅಂತ ಒಂದು ಪದ ಬದಲಾಯಿಸ್ತಾನೆ, ಮುದುಕ ಅದನ್ನೂ ಹಿಡೀತಾನೆ. ನೀನು ನಗ್ತಾ ಇರೋವಾಗಲೇ ಮುದುಕ ಇಲ್ಲ. ಅಳಿಸೋದು ಸುಲಭ, ನಗಿಸ್ತಾ ಅಳಿಸೋದು ಮಕ್ಕಳಾಟ ಅಲ್ಲ.

(4/6)
“ಫ್ಯಾಮಿಲಿ ಸೆಂಟಿಮೆಂಟ್, ಸೀರಿಯಲ್ ಥರ” ಅಂದವರು ಸರಿಯಾಗಿ ನೋಡೇ ಇಲ್ಲ. ಮನೆಯವರು ಹೇಳಿದ್ದೆಲ್ಲ ಸರಿ ಅಂತ ಈ ಸಿನಿಮಾ ಎಲ್ಲೂ ಹೇಳಲ್ಲ. ಅಜ್ಜಿ ಮಿಗೆಲ್‌ನ ಗಿಟಾರ್ ಒಡೆದು ಹಾಕ್ತಾಳೆ. ಅದು ಪ್ರೀತಿ ಅಂತ ಸಿನಿಮಾ ಮುಚ್ಚಿಹಾಕಲ್ಲ. ಮುತ್ತಜ್ಜಿಯ ಅಮ್ಮ ಇಮೆಲ್ಡಾ ಮೊದಲು ಆಶೀರ್ವಾದ ಕೊಡೋದು ಕಂಡೀಷನ್ ಹಾಕಿ: ಸಂಗೀತ ಬಿಡಬೇಕು. ಕೊನೆಗೆ ಕೊಡೋದು ಯಾವ ಕಂಡೀಷನ್ ಇಲ್ಲದೆ. ತಪ್ಪು ತಿದ್ದಿಕೊಂಡದ್ದು ಹಿರಿಯರು, ಗುರು!

ಹಾಗಂತ “ಕನಸಿನ ಹಿಂದೆ ಓಡು” ಅನ್ನೋ ಸ್ಟೇಟಸ್ ಸಿನಿಮಾನೂ ಅಲ್ಲ. ಆ ಡೈಲಾಗ್ ಹೊಡೆಯೋನೇ ಕೊಲೆಗಾರ.

ಪಿಕ್ಸಾರ್‌ಗೆ ಜೈ ಅಂತಾನೂ ಇಲ್ಲ. ಸತ್ತವರ ಹಬ್ಬದ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡ್ಕೊಳ್ಳೋಕೆ 2013ರಲ್ಲಿ ಡಿಸ್ನಿ ಅರ್ಜಿ ಹಾಕಿತ್ತು. ಜನ ಬೈದ ಮೇಲೆ ವಾಪಸ್ ತಗೊಂಡಿತು. ವಿರೋಧಿಸಿ ವ್ಯಂಗ್ಯಚಿತ್ರ ಬರೆದ ಲಾಲೊ ಅಲ್ಕರಾಸ್ ಅವರನ್ನೇ ಆಮೇಲೆ ಸಲಹೆಗಾರರಾಗಿ ಕರ್ಕೊಂಡರು. ಬೈದಿದ್ದಕ್ಕೆ ಸಿನಿಮಾ ಸುಧಾರಿಸಿತು. ಬೈಯೋದು ಬೇರೆ, ನೋಡದೇ ಮೂಗು ಮುರಿಯೋದು ಬೇರೆ.

(5/6)
ನಮಗೆ ಈ ಕಥೆ ದೂರದ್ದಲ್ಲ. ಅವರು ಸತ್ತವರಿಗೆ ದಾರಿ ಮಾಡೋ ಹೂ ನಮ್ಮ ಚೆಂಡುಹೂವೇ, ಅದರ ಮೂಲ ಮೆಕ್ಸಿಕೋ ಕಡೆ. ಮಹಾಲಯ ಅಮಾವಾಸ್ಯೆಗೆ ನಾವೂ ಫೋಟೋ ಒರೆಸಿ, ಹಾರ ಹಾಕಿ, ಅವರಿಗೆ ಇಷ್ಟ ಇದ್ದದ್ದು ಮಾಡಿ ಎಡೆ ಇಡ್ತೀವಿ.

ಆದರೆ ಸಿನಿಮಾದಲ್ಲಿ ಎರಡು ನಿಯಮ ಇವೆ, ಗಮನಿಸು. ಹಬ್ಬಕ್ಕೆ ಬರೋಕೆ ಫೋಟೋ ಸಾಕು. ಅಳಿಸಿಹೋಗದೇ ಇರೋಕೆ ಮಾತ್ರ, ನಿನ್ನನ್ನ ಕಂಡವರು ನಿನ್ನ ಕಥೆ ಮುಂದಿನವರಿಗೆ ಹೇಳಬೇಕು. ನಮ್ಮ ಗ್ಯಾಲರಿಯಲ್ಲಿ ಸಾವಿರಾರು ಫೋಟೋ ಇವೆ. ಅಜ್ಜನ ಬಗ್ಗೆ ಐದು ನಿಮಿಷ ಮಾತಾಡು ಅಂದ್ರೆ ಎಷ್ಟು ಜನಕ್ಕೆ ಬರತ್ತೆ? ಈ ಆ್ಯಪ್‌ನಲ್ಲಿ ಕೂತು ಹೇಳ್ತಿದ್ದೀನಿ, ನಂಗೂ ಬರಲಿಲ್ಲ.

(6/6)
ನನ್ನ ನಿಜವಾದ ಸಿಟ್ಟು ಇದು. ‘ಕೋಕೊ’ನ ಅಜ್ಜಿ ಜೊತೆ ಕೂತು ನೋಡಿದೆ. ಕನ್ನಡ ದನಿ ಇರಲಿಲ್ಲ, ಕಿವಿಯಲ್ಲಿ ಅನುವಾದ ಮಾಡ್ತಾ ಕೂತೆ, ಅರ್ಧ ಜೋಕ್ ತಪ್ಪಿಹೋಯ್ತು. ಸಿನಿಮಾದ ಅಜ್ಜಿ ಚಪ್ಪಲಿ ಎತ್ತಿದಾಗ ನಮ್ಮಜ್ಜಿ ಬಿದ್ದುಬಿದ್ದು ನಕ್ಕರು, ಅದಕ್ಕೆ ಭಾಷೆ ಬೇಕಿಲ್ಲ. ಕೊನೆಗೆ ಮಿಗೆಲ್ ಹಾಡಿ ಮುತ್ತಜ್ಜಿ ದನಿಗೂಡಿಸಿದಾಗ ಸೆರಗಲ್ಲಿ ಕಣ್ಣೊರೆಸ್ಕೊಂಡು ಕೇಳಿದ್ರು: “ಆ ಹುಡುಗ ಏನಂತ ಹಾಡಿದ ಮಗಾ?” ಮಗಳಿಗೆ ಅಂತ ಅಪ್ಪ ಕಟ್ಟಿದ ಹಾಡು ಅಂತ ಹೇಳಿದೆ. ಅದು ಸಾಲಲಿಲ್ಲ.

ಮಾವೊರಿ ಜನ ನಮಗಿಂತ ಎಷ್ಟೋ ಕಮ್ಮಿ. ಅವರ ಭಾಷೆಯಲ್ಲಿ ‘ಮೊವಾನಾ’ 2017ರಲ್ಲೇ ಬಂತು. ಕನ್ನಡ ಮಾತೃಭಾಷೆ ಅಂದವರು 2011ರ ಜನಗಣತಿಯಲ್ಲೇ 4 ಕೋಟಿ ದಾಟಿದ್ರು. ಡಬ್ಬಿಂಗ್ ತಡೆಯೋದು ತಪ್ಪು ಅಂತ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿದೆ. ಇನ್ನು ಕೇಳೋದು ನಮ್ಮ ಕೆಲಸ. ಕಾರ್ಟೂನ್ ತಾನೇ ಅಂತ ನಾವೇ ನಕ್ಕರೆ ಯಾರು ಕೊಡ್ತಾರೆ?

ಕಾಮೆಂಟಲ್ಲಿ ಅಳೋ ಇಮೋಜಿ ಬೇಡ. ನಿಮ್ಮಜ್ಜಿ, ಅಜ್ಜನ ಬಗ್ಗೆ ಯಾವ ಫೋಟೋದಲ್ಲೂ ಇಲ್ಲದ ಒಂದು ವಿಷಯ ಬರಿ. ಗೊತ್ತಿಲ್ಲ ಅಂದ್ರೆ, ಇವತ್ತೇ ಹೋಗಿ ಕೇಳ್ಕೊಂಡು ಬಾ.

#ಕೋಕೊ #ಕಾರ್ಟೂನ್‌ಅಲ್ಲಸಿನಿಮಾ #ಕನ್ನಡದಲ್ಲೂಬರಲಿ