ಥರ್ಮೋಕೋಲಿನ ಅಣೆಕಟ್ಟೂ ನಮ್ಮ ಮಕ್ಕಳ ಭೌತಶಾಸ್ತ್ರವೂ



ಉಪಜಿಲ್ಲಾ ವಿಜ್ಞಾನ ಮೇಳದ ತಾರೀಕು ಪ್ರಕಟವಾಗುತ್ತಲೇ ನನಗೆ ಕರೆಗಳು ಬರತೊಡಗುತ್ತವೆ. ನಿವೃತ್ತನಾಗಿ ವರ್ಷಗಳು ಸಂದರೂ ಅವು ನಿಂತಿಲ್ಲ. "ಮಾಷ್ಟ್ರೇ, ಮಗಳು ಪ್ಲಸ್ ವನ್ ಸಯನ್ಸ್. ಫಿಸಿಕ್ಸಿಗೆ ಒಂದು ಒಳ್ಳೆಯ ಪ್ರಾಜೆಕ್ಟ್ ಹೇಳಿ. ಸ್ವಲ್ಪ ಕ್ರಿಯೇಟಿವ್ ಆಗಿರಬೇಕು. ಶುಕ್ರವಾರದೊಳಗೆ ಮುಗಿಯಬೇಕು." ನಾನು ಓದಿದ್ದೂ ಕಲಿಸಿದ್ದೂ ಕನ್ನಡ. ಆದರೂ ಮುಖ್ಯೋಪಾಧ್ಯಾಯನಾಗಿ ಮೇಳದಿಂದ ಮೇಳಕ್ಕೆ ಮಕ್ಕಳನ್ನು ಕರೆದೊಯ್ದವನೆಂಬ ಕಾರಣಕ್ಕೆ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ನನಗೆ ನೋವಾಗುವುದು ಬೇರೆ ಸಂಗತಿಗೆ. ವಿಷಯ ಬೇಕಾದದ್ದು ಮಗಳಿಗೆ, ಕೇಳುವವರು ತಂದೆ, ಹುಡುಕುವವನು ಟ್ಯೂಷನಿನ ಅಣ್ಣ, ಕಟ್ಟಿಕೊಡುವುದು ಪೇಟೆಯ ಅಂಗಡಿ. ಈ ಸಾಲಿನಲ್ಲಿ ಮಗಳಿಗೆ ಉಳಿಯುವ ಕೆಲಸವೆಂದರೆ ಮೇಜಿನ ಹಿಂದೆ ನಿಂತು ಇಂಗ್ಲಿಷಿನ ಒಂದು ಪುಟವನ್ನು ಬಾಯಿಪಾಠ ಒಪ್ಪಿಸುವುದು.

ಮೇಳಗಳಲ್ಲಿ ನಾವು ವರ್ಷ ವರ್ಷವೂ ಕಾಣುವುದೇನು? ಥರ್ಮೋಕೋಲಿನ ಅಣೆಕಟ್ಟು, ಅದರ ಕೆಳಗೆ ನೀಲಿ ಬಣ್ಣದ ನೀರು, ಪಕ್ಕದಲ್ಲಿ ಬೆಳಗುವ ಪುಟ್ಟ ಎಲ್‌ಇಡಿ. ಆ ದೀಪ ಬೆಳಗುವುದು ನೀರಿನಿಂದಲ್ಲ, ಮೇಜುಬಟ್ಟೆಯ ಅಡಿಯಲ್ಲಿ ಅಡಗಿಸಿಟ್ಟ ಬ್ಯಾಟರಿಯಿಂದ. ಕತ್ತಲಾದರೆ ತಾನಾಗಿ ಹೊತ್ತಿಕೊಳ್ಳುವ ಬೀದಿದೀಪದ ಕಿಟ್ಟು ಇನ್ನೊಂದು. ಅದರೊಳಗಿನ ಬಿಡಿಭಾಗ ಬೆಳಕಿಗೆ ಹೇಗೆ ಸ್ಪಂದಿಸುತ್ತದೆಂದು ಕೇಳಿದರೆ ಮಗು ತಂದೆಯ ಮುಖ ನೋಡುತ್ತದೆ. ಇವೆರಡಕ್ಕಿಂತಲೂ ಅಪಾಯಕಾರಿಯಾದದ್ದು ಯೂಟ್ಯೂಬಿನಿಂದ ಇಳಿದು ಬಂದ "ಫ್ರೀ ಎನರ್ಜಿ" ಯಂತ್ರ: ಮೋಟರು ಜನರೇಟರನ್ನು ತಿರುಗಿಸುತ್ತದೆ, ಜನರೇಟರು ಅದೇ ಮೋಟರಿಗೆ ವಿದ್ಯುತ್ತು ಕೊಡುತ್ತದೆ, ಹೀಗೆ ಅನಂತಕಾಲ! ಶಕ್ತಿಯ ಸಂರಕ್ಷಣಾ ನಿಯಮವನ್ನು ಕಂಠಪಾಠ ಮಾಡಿ ಪೂರ್ತಿ ಅಂಕ ಪಡೆದ ಹುಡುಗನೇ ಅದನ್ನು ಸುಳ್ಳೆಂದು ಸಾರುವ ಯಂತ್ರವನ್ನು ಹೊತ್ತು ತರುತ್ತಾನೆ. ಅವನನ್ನು ದೂರಬೇಡಿ. ಹಣ ಕೊಟ್ಟವರು ನಾವು.

ಪ್ರಾಜೆಕ್ಟೆಂದರೆ ಒಂದು ಪ್ರಶ್ನೆ. ಅದಕ್ಕೆ ಉತ್ತರ ಮಗುವಿಗೆ ಮೊದಲೇ ತಿಳಿದಿರಬಾರದು; ತಂದೆಗೂ ತಿಳಿದಿರದಿದ್ದರೆ ಇನ್ನೂ ಒಳ್ಳೆಯದು. ಉತ್ತರ ಅಂಕೆಗಳಲ್ಲಿ ಬರಬೇಕು, ಆ ಅಂಕೆಗಳನ್ನು ಮಗುವೇ ಅಳೆದಿರಬೇಕು, ಮತ್ತೊಮ್ಮೆ ಅಳೆದಾಗ ಹೊಂದುತ್ತದೆಯೋ ಇಲ್ಲವೋ ಎಂದು ನೋಡಿರಬೇಕು. ಊಹೆ ಸುಳ್ಳಾದರೆ ಅದನ್ನೂ ಬರೆಯಬೇಕು. ಇಷ್ಟಿದ್ದರೆ ಉಳಿದದ್ದೆಲ್ಲ ಅಲಂಕಾರ. ಸೃಜನಶೀಲತೆ ಇರುವುದು ಪ್ರಶ್ನೆಯ ಆಯ್ಕೆಯಲ್ಲಿ. ಆ ಆಯ್ಕೆಗೆ ಅಂತರ್ಜಾಲದ ನೂರೊಂದು ವಿಷಯಗಳ ಪಟ್ಟಿಗಿಂತ ನಿಮ್ಮ ಮನೆಯ ಹಿಂದಿನ ಗುಡ್ಡ ಹೆಚ್ಚು ಶ್ರೀಮಂತವಾಗಿದೆ.

ಬಾಯಾರು, ಪಡ್ರೆ, ಎಣ್ಮಕಜೆ, ಬೆಳ್ಳೂರು ಕಡೆಯ ಹೆತ್ತವರೇ, ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರನ್ನು ಕುಡಿದು ಬೆಳೆದವರು ನೀವು. ಪಂಪಿಲ್ಲ, ವಿದ್ಯುತ್ತಿಲ್ಲ; ಗುಡ್ಡದೊಳಗೆ ಇಂಗಿದ ಮಳೆನೀರು ಬರೇ ಗುರುತ್ವದ ಬಲದಿಂದ ಅಂಗಳದ ತೊಟ್ಟಿಗೆ ಹರಿದು ಬರುತ್ತದೆ. ಇದನ್ನು ನೋಡಲು ದೂರದೇಶಗಳ ಸಂಶೋಧಕರು ಬಂದು ಹೋಗಿದ್ದಾರೆ. ನಮ್ಮ ಪ್ಲಸ್ ಟು ವಿದ್ಯಾರ್ಥಿ ಮಾತ್ರ ಅದರ ಪಕ್ಕದಲ್ಲೇ ನಡೆದು ಹೋಗಿ ಥರ್ಮೋಕೋಲು ಕೊಂಡು ತರುತ್ತಾನೆ.

ಒಂದು ಹತ್ತು ಲೀಟರಿನ ಬಕೆಟು, ಸೆಕೆಂಡು ತೋರಿಸುವ ಒಂದು ಗಡಿಯಾರ, ಒಂದು ಪುಸ್ತಕ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಪ್ರತಿ ಭಾನುವಾರ ಬೆಳಗ್ಗೆ ಸುರಂಗದ ನೀರು ಬೀಳುವಲ್ಲಿ ಬಕೆಟು ಇಟ್ಟು, ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆದಿಡಲಿ. ಐವತ್ತು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 0.2 ಲೀಟರು, ದಿನಕ್ಕೆ 17,280 ಲೀಟರು. ಈ ಒಂದು ಗುಣಾಕಾರ ಮಾಡಿದ ದಿನವೇ ಆ ಮಗು ಮನೆಯವರೆಲ್ಲರ ಮುಂದೆ ಬೇರೆಯೇ ಎತ್ತರದಲ್ಲಿ ನಿಲ್ಲುತ್ತದೆ. ವಾರ ಕಳೆದಂತೆ ಹರಿವು ಇಳಿಯುತ್ತದೆ. ಹೇಗೆ ಇಳಿಯುತ್ತದೆ? ಪ್ರತಿ ವಾರ ಒಂದೇ ಪ್ರಮಾಣದಲ್ಲಿಯೋ, ಅಥವಾ ಉಳಿದುದರ ಒಂದು ನಿರ್ದಿಷ್ಟ ಪಾಲಿನಷ್ಟೋ? ಎರಡನೆಯದಾದರೆ ಬಿಸಿನೀರು ತಣಿಯುವುದಕ್ಕೆ ನ್ಯೂಟನ್ ಹೇಳಿದ ನಿಯಮದ ಗಣಿತವೂ ಗುಡ್ಡದ ನೀರು ಖಾಲಿಯಾಗುವ ಗಣಿತವೂ ಒಂದೇ ಅಚ್ಚಿನವು. ಹರಿವಿನ ಲಾಗರಿದಮ್ಮನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ, ಬಿಂದುಗಳು ಸರಳರೇಖೆಗೆ ಬರುತ್ತವೆಯೇ ಎಂದು ನೋಡಿದರಾಯಿತು. ನಡುವೆ ಒಂದು ಬೇಸಿಗೆಮಳೆ ಬಿದ್ದು ರೇಖೆ ಡೊಂಕಾದರೆ ಅದೇ ಇನ್ನೊಂದು ಅಧ್ಯಾಯ. ಹೌದು, ಈ ಕೆಲಸ ಶುಕ್ರವಾರದೊಳಗೆ ಮುಗಿಯುವುದಿಲ್ಲ. ಮುಂದಿನ ವರ್ಷದ ಮೇಳಕ್ಕೆ ಈ ವರ್ಷ ಆರಂಭಿಸಬೇಕು. (ಒಂದು ಎಚ್ಚರಿಕೆ: ಅಳತೆ ಸುರಂಗದ ಬಾಯಲ್ಲೇ ನಡೆಯಲಿ. ಹಳೆಯ ಸುರಂಗಗಳೊಳಗೆ ಗಾಳಿ ಕೆಟ್ಟಿರುವುದುಂಟು, ಮಣ್ಣು ಕುಸಿಯುವುದುಂಟು. ಮಕ್ಕಳನ್ನು ಒಳಗೆ ಬಿಡಬೇಡಿರಿ.)

ಸುರಂಗವಿಲ್ಲದ ಮನೆಯ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಹತ್ತು ಹಣ್ಣಡಿಕೆಗಳಿಗೆ ಗುರುತು ಹಾಕಿ ದಿನವೂ ಸಂಜೆ ತೂಗಿದರೆ ಒಂದೂವರೆ ತಿಂಗಳಿನ ಅಂಕೆಗಳು ಸಿಗುತ್ತವೆ. ಯಕ್ಷಗಾನದ ಮನೆಯಾದರೆ ಇನ್ನೂ ಸೊಗಸು. ಮದ್ದಳೆಯ ಮುಚ್ಚಿಗೆಯ ಮೇಲಿನ ಆ ಕರಿಯ ಲೇಪ ಯಾಕೆ? ಬರೇ ಚರ್ಮ ಬಿಗಿದ ವಾದ್ಯದ ಮೇಲ್ಸ್ವರಗಳು ಮೂಲಸ್ವರದ ಪೂರ್ಣಾಂಕದ ಗುಣಕಗಳಾಗಿರುವುದಿಲ್ಲ. ಮೊದಲನೆಯದು ಸುಮಾರು 1.59 ಪಟ್ಟು. ನಮ್ಮ ಮೃದಂಗ, ತಬಲಾಗಳಲ್ಲಿ ಲೇಪದ ಭಾರ ಅವನ್ನು ಪೂರ್ಣಾಂಕಗಳತ್ತ ಎಳೆದು ತರುತ್ತದೆಂದು 1920ರಷ್ಟು ಹಿಂದೆಯೇ ಸರ್ ಸಿ. ವಿ. ರಾಮನ್ ಮತ್ತು ಅವರ ಸಹೋದ್ಯೋಗಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಜಗತ್ತಿನ ಪ್ರಯೋಗಶಾಲೆಗಳು ಪಿಟೀಲು, ಪಿಯಾನೋಗಳ ಕಡೆ ನೋಡುತ್ತಿದ್ದಾಗ ರಾಮನ್ ಮೃದಂಗದ ಕಡೆಗೂ ನೋಡಿದರು. ಪಾರ್ತಿಸುಬ್ಬನ ನಾಡಿನ ಮಗುವಿಗೆ ಮದ್ದಳೆಯೂ ಚೆಂಡೆಯೂ ಕೈಗೆಟುಕುವಂತಿವೆ. ಒಂದಕ್ಕೆ ಲೇಪವಿದೆ, ಇನ್ನೊಂದಕ್ಕಿಲ್ಲ. ಆವೃತ್ತಿ ಅಳೆಯುವ ಆ್ಯಪು ನಿಮ್ಮ ಫೋನಿನಲ್ಲಿ ಉಚಿತವಾಗಿ ಸಿಗುತ್ತದೆ. ಎರಡನ್ನೂ ಹೋಲಿಸಬಾರದೇ?

ಇನ್ನು ಭಾಷೆಯ ಮಾತಿಗೆ ಬರುತ್ತೇನೆ. ಈ ಬರಹ ಮುಖ್ಯವಾಗಿ ಅದಕ್ಕಾಗಿಯೇ.

ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ನಾವು ಬೀದಿಗಿಳಿದೆವು. ಇಳಿಯಲೇಬೇಕಿತ್ತು; ನಾಳೆ ಮತ್ತೆ ನೇಮಿಸಿದರೆ ಮತ್ತೆ ಇಳಿಯಬೇಕು. 1956ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಅದನ್ನು ಹಿಡಿದು ನಾವು ವಾದಿಸುತ್ತೇವೆ. ಆದರೆ ಆ ಧರಣಿಯಿಂದ ಮನೆಗೆ ಮರಳಿದ ಸಂಜೆ ಅದೇ ತಂದೆ ಮಗನಿಗೆ ಹೇಳುವುದೇನು? "ಪ್ರಾಜೆಕ್ಟ್ ರಿಪೋರ್ಟು ಇಂಗ್ಲಿಷಿನಲ್ಲೇ ಇರಲಿ. ಕನ್ನಡದಲ್ಲಿ ಫಿಸಿಕ್ಸ್ ಉಂಟಾ ಮಾರಾಯ?" ಕನ್ನಡ ಬಾರದ ಅಧ್ಯಾಪಕ ತರಗತಿಯಲ್ಲಿ ಮಾಡುವ ಹಾನಿಯನ್ನು ನಾವು ಊಟದ ಮಣೆಯಲ್ಲಿ ಕುಳಿತೇ ಮಾಡಿ ಮುಗಿಸುತ್ತೇವೆ. ಕನ್ನಡ ಹಾಡಿಗೆ, ಭಾಷಣಕ್ಕೆ, ಏಕಪಾತ್ರಾಭಿನಯಕ್ಕೆ, ವಿಜ್ಞಾನಕ್ಕೆ ಇಂಗ್ಲಿಷು. ಹೀಗೆ ಮನೆಯಲ್ಲೇ ಪಾಲು ಮಾಡಿ ಕೊಟ್ಟ ಮೇಲೆ ಒಂದನೆಯ ತರಗತಿಗೆ ಮಕ್ಕಳು ಬರುತ್ತಿಲ್ಲ, ಡಿವಿಷನ್ ಹೋಯಿತು, ಹುದ್ದೆ ಹೋಯಿತು ಎಂದು ಅಳುವುದೇಕೆ?

ಕನ್ನಡದಲ್ಲಿ ಭೌತಶಾಸ್ತ್ರ ಇಲ್ಲವೆನ್ನುವವರಿಗೆ ಒಂದು ಮಾತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಪ್ರಾಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ಗೆಳೆಯರೊಂದಿಗೆ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ತಂದದ್ದು 1918ರಲ್ಲಿ. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಒಬ್ಬರೇ ಬರೆದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ'ವನ್ನು ಓದಿ ಬೆಳೆದ ಇಂಜಿನಿಯರರು, ವೈದ್ಯರು ನಮ್ಮ ಊರುಗಳಲ್ಲೇ ಇದ್ದಾರೆ. ನಮ್ಮ ಮಕ್ಕಳು ಹತ್ತನೆಯ ತರಗತಿಯವರೆಗೆ ಭೌತವಿಜ್ಞಾನವನ್ನು ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಪರೀಕ್ಷೆ ಬರೆದು ಬಂದವರು. ಪ್ಲಸ್ ವನ್ನಿನ ಪುಸ್ತಕ ಇಂಗ್ಲಿಷಿನದಾದ ಮಾತ್ರಕ್ಕೆ ಹತ್ತು ವರ್ಷದ ತಿಳಿವು ಒಂದೇ ಬೇಸಿಗೆಯಲ್ಲಿ ಆವಿಯಾಗಿ ಹೋಗುವುದೇ?

ಇಂಗ್ಲಿಷು ಬೇಡವೆಂದು ನಾನು ಹೇಳುತ್ತಿಲ್ಲ. ಮಲಯಾಳವೂ ಬೇಕು; ಈ ರಾಜ್ಯದಲ್ಲಿ ಉದ್ಯೋಗ ಹಿಡಿಯಬೇಕಾದವರು ಅದನ್ನು ಚೆನ್ನಾಗಿಯೇ ಕಲಿಯಬೇಕು. ಮನೆಯಲ್ಲಿ ತುಳು, ಕೊಂಕಣಿ, ಹವ್ಯಕ, ಬ್ಯಾರಿ, ಮರಾಠಿ ಮಾತನಾಡುವ ಮಕ್ಕಳಿಗೆ ಇನ್ನೊಂದು ಭಾಷೆ ಭಾರವಾದೀತೆಂದು ಹೆದರುವವನು ನಾನಲ್ಲ. ನನ್ನ ವಾದ ಇಷ್ಟೇ: ಅಳೆಯುವಾಗ, ಯೋಚಿಸುವಾಗ, ಮೊದಲ ಸಲ ಬರೆಯುವಾಗ ಕನ್ನಡವಿರಲಿ. 'ಲೇಟೆಂಟ್ ಹೀಟ್' ಎಂದು ಗಟ್ಟಿಯಾಗಿ ಹೇಳಿ ಪಾರಾಗಬಹುದು. 'ಗುಪ್ತೋಷ್ಣ' ಎಂದೊಡನೆ, ಎಲ್ಲಿ ಗುಪ್ತವಾಯಿತು, ಯಾಕೆ ಗುಪ್ತವಾಯಿತು ಎಂಬ ಪ್ರಶ್ನೆ ಏಳುತ್ತದೆ. ಉಷ್ಣ ಬೇರೆ, ತಾಪ ಬೇರೆ; ಜವ ಬೇರೆ, ವೇಗ ಬೇರೆ. ಇವನ್ನು ತನ್ನ ಮಾತಿನಲ್ಲಿ ಬಿಡಿಸಿ ಹೇಳಬಲ್ಲ ಮಗು ನಾಳೆ ಇಂಗ್ಲಿಷಿನಲ್ಲಿಯೂ ಹೇಳಬಲ್ಲದು. ಮೇಜಿನ ಮೇಲೆ ಕನ್ನಡದ ವರದಿ, ಅದರ ಪಕ್ಕದಲ್ಲಿ ಒಂದು ಪುಟದ ಇಂಗ್ಲಿಷ್ ಸಾರಾಂಶ. ಇದರಿಂದ ಯಾರಿಗೂ ನಷ್ಟವಿಲ್ಲ.

"ತೀರ್ಪುಗಾರರಿಗೆ ಕನ್ನಡ ಬಾರದಿದ್ದರೆ?" ಇದು ನ್ಯಾಯವಾದ ಪ್ರಶ್ನೆ. ಒಂದು ಮೇಳದಲ್ಲಿ ನನ್ನ ಕಣ್ಣೆದುರೇ ನಡೆದದ್ದಿದೆ. ಹುಡುಗಿಯೊಬ್ಬಳು ಹೆಂಚಿನ ಮಾಡಿನ ಕೋಣೆ ಮತ್ತು ಕಾಂಕ್ರೀಟಿನ ಕೋಣೆಗಳ ತಾಪವನ್ನು ತಾಸಿಗೊಮ್ಮೆ ಅಳೆದು ತಂದಿದ್ದಳು. ಕನ್ನಡದಲ್ಲಿ ಆರಂಭಿಸಿದವಳನ್ನು ಎರಡನೆಯ ವಾಕ್ಯಕ್ಕೇ ತಡೆದು, ಬೇರೆ ಭಾಷೆಯಲ್ಲಿ ಹೇಳೆಂದರು. ಅವಳು ತಡವರಿಸಿದಳು, ಅವರು ಮುಂದಿನ ಮೇಜಿಗೆ ನಡೆದರು. ಅಲ್ಲಿ ಥರ್ಮೋಕೋಲಿನ ಅಣೆಕಟ್ಟಿತ್ತು. ಇಂಥಲ್ಲಿ ರಕ್ಷಕ ಶಿಕ್ಷಕ ಸಂಘದ ಕೆಲಸವಿದೆ. ಕನ್ನಡ ಮಾಧ್ಯಮದ ಮಕ್ಕಳು ಸ್ಪರ್ಧಿಸುವ ವಿಭಾಗಕ್ಕೆ ಕನ್ನಡ ಬಲ್ಲ ಒಬ್ಬ ತೀರ್ಪುಗಾರರನ್ನಾದರೂ ಒದಗಿಸಬೇಕೆಂದು ಮೇಳಕ್ಕೆ ಮೊದಲೇ, ಲಿಖಿತವಾಗಿ, ಸಂಘದ ಠರಾವಿನೊಂದಿಗೆ ಕೇಳಿರಿ. ಮೇಳ ಮುಗಿದ ಮೇಲೆ ವಾಟ್ಸಾಪಿನಲ್ಲಿ ಗೊಣಗಿದರೆ ಆ ಹುಡುಗಿಗೆ ಏನೂ ದಕ್ಕುವುದಿಲ್ಲ. ಆದರೆ ಹೀಗೆ ಕೇಳಬೇಕಾದರೆ ಮೇಜಿನ ಮೇಲೆ ಕನ್ನಡದ ಪ್ರಾಜೆಕ್ಟು ಇರಬೇಕು. ಎಲ್ಲರೂ ಇಂಗ್ಲಿಷ್ ಪೋಸ್ಟರು ಅಂಟಿಸಿಕೊಂಡು ನಿಂತರೆ ಕನ್ನಡ ಬಲ್ಲ ತೀರ್ಪುಗಾರ ಯಾರಿಗಾಗಿ?

ಇದು ಕಾಸರಗೋಡಿಗೆ ಮಾತ್ರ ಹೇಳಿದ ಮಾತಲ್ಲ. ಉದಕಮಂಡಲದ ಎತ್ತರದಲ್ಲಿ ನೀರು ಸುಮಾರು 92-93 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ. ಅಲ್ಲಿಯ ಅಜ್ಜಿಗೆ ಅನ್ನ ಬೇಯಲು ಹೊತ್ತು ಹಿಡಿಯುವುದು ಗೊತ್ತು, ಮೊಮ್ಮಗಳು ಅಳೆದು ಕಾರಣ ಹೇಳಲಿ. ಜತ್ತ, ಅಕ್ಕಲಕೋಟೆಯ ಕಡೆ ಕೃಷಿಹೊಂಡದ ನೀರು ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಮಿಲಿಮೀಟರು ಆವಿಯಾಗುತ್ತದೆ? ಒಂದು ಅಗಲ ಬಾಯಿಯ ಪಾತ್ರೆ, ಒಂದು ಸ್ಕೇಲು ಸಾಕು.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿರುವುದು ಮಣ್ಣಿನ ಹೂಜಿ. ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರು ತಣಿಯುತ್ತದೆಂದು ಎಲ್ಲರೂ ಬರೆಯುತ್ತಾರೆ. ಎಷ್ಟು? ಸಾಮಾನ್ಯ ತಾಪದಲ್ಲಿ ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಉಷ್ಣ ಬೇಕು. ನೂರು ಗ್ರಾಂ ಆವಿಯಾದರೆ, ಹೊರಗಿನಿಂದ ಉಷ್ಣ ಒಳಬಾರದಿದ್ದಲ್ಲಿ, ಹತ್ತು ಲೀಟರು ನೀರು ಐದಾರು ಡಿಗ್ರಿ ತಣಿಯಬೇಕು. ಆದರೆ ಕಡಲ ಬದಿಯ ನಮ್ಮ ತೇವದ ಗಾಳಿಯಲ್ಲಿ ಹೂಜಿ ಅಷ್ಟು ತಣಿಯುವುದಿಲ್ಲ. ಮಳೆಗಾಲದಲ್ಲಿ ಒಂದೆರಡು ಡಿಗ್ರಿ ಇಳಿದರೆ ಹೆಚ್ಚು. ಮಡಕಶಿರಾ, ರಾಯದುರ್ಗದ ಒಣಗಾಳಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಒಣ ಥರ್ಮಾಮೀಟರಿಗೂ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೂ ನಡುವಿನ ಅಂತರ ಹತ್ತು ಡಿಗ್ರಿಗೂ ಮೀರಬಹುದು. ಒಂದೇ ಹೂಜಿ, ಎರಡು ನಾಡು, ಎರಡು ಉತ್ತರ. ಕಾಸರಗೋಡಿನ ಮಗುವೂ ಮಡಕಶಿರಾದ ಮಗುವೂ ಒಂದೇ ದಿನ ಅಳೆದು ಅಂಕೆಗಳನ್ನು ವಿನಿಮಯ ಮಾಡಿಕೊಂಡರೆ, ಒಬ್ಬರಿಂದ ಆಗದ ಪ್ರಾಜೆಕ್ಟು ಇಬ್ಬರಿಂದ ಆಗುತ್ತದೆ. ಒಬ್ಬಳ ಶಾಲೆಯಲ್ಲಿ ರಾಜ್ಯಭಾಷೆ ಮಲಯಾಳ, ಇನ್ನೊಬ್ಬನ ಶಾಲೆಯಲ್ಲಿ ತೆಲುಗು. ಪರಸ್ಪರ ಕಾಗದ ಬರೆಯಲು ಅವರಿಬ್ಬರಿಗೂ ಸಲೀಸಾದ ಭಾಷೆ ಕನ್ನಡ.

ತಾಳವಾಡಿ, ಹೊಸೂರು, ಆದೋನಿ, ಸೊಲ್ಲಾಪುರಗಳ ಹೆತ್ತವರೂ ಈ ಪುಟವನ್ನು ಓದುತ್ತೀರೆಂದು ಬಲ್ಲೆ. ಮೇ ತಿಂಗಳ ನಾಲ್ಕು ಭಾನುವಾರಗಳಲ್ಲಿ, ಬೆಳಗ್ಗೆ ಏಳಕ್ಕೆ ಮತ್ತು ಮಧ್ಯಾಹ್ನ ಎರಡಕ್ಕೆ, ಎಲ್ಲ ಊರುಗಳಲ್ಲೂ ಒಟ್ಟಿಗೆ ಅಳೆಯೋಣ. ಥರ್ಮಾಮೀಟರುಗಳು ನೆರಳಿನಲ್ಲಿರಲಿ, ಎರಡೂ ಒಂದೇ ಎತ್ತರದಲ್ಲಿರಲಿ, ಒದ್ದೆ ಬಟ್ಟೆ ತೆಳು ಹತ್ತಿಯದಾಗಿರಲಿ. ಬಟ್ಟೆ ಒದ್ದೆ ಮಾಡಿ ಹತ್ತು ನಿಮಿಷ ಗಾಳಿ ಬೀಸಿದ ಮೇಲೆ ಓದಲಿ. ಹೂಜಿಯ ನೀರಿನ ತಾಪವನ್ನೂ ಹೂಜಿಯ ತೂಕವನ್ನೂ ಆಗಲೇ ಬರೆದಿಡಲಿ. ಭಾಗವಹಿಸುವ ಮಕ್ಕಳ ತರಗತಿ ಮತ್ತು ಊರನ್ನು ಈ ಬರಹದ ಕೆಳಗೆ ತಿಳಿಸಿದರೆ ಕೋಷ್ಟಕದ ಮಾದರಿಯನ್ನು ನಾನೇ ಕನ್ನಡದಲ್ಲಿ ಸಿದ್ಧಪಡಿಸಿ ಕಳುಹಿಸುತ್ತೇನೆ. ಅಂಕೆಗಳನ್ನು ತುಂಬುವ ಕೆಲಸ ಮಾತ್ರ ಮಕ್ಕಳದೇ ಆಗಿರಲಿ.