ಹತ್ತು ಫೋಟೋ ಸೇರಿಸಿದರೆ ಮೋಸವೇ?

ಆಟಿ ಕಳೆದು ಸೋಣ ಬರುವ ಹೊತ್ತಿಗೆ ಕಾಸರಗೋಡಿನ ಪಾರೆಗಳಲ್ಲಿ ಪುಟ್ಟ ನೀಲಿ ಹೂಗಳು ಏಳುತ್ತವೆ. ಮಲಯಾಳದಲ್ಲಿ ಕಾಕ್ಕಪ್ಪೂ ಎಂದು ಕರೆದು ಓಣಂ ಪೂಕಳಕ್ಕೆ ಕೊಯ್ಯುವ ಹೂ ಇದು. ಸಸ್ಯಶಾಸ್ತ್ರದಲ್ಲಿ ಯೂಟ್ರಿಕ್ಯುಲೇರಿಯಾ. ಕೆಮರಾ ಹಿಡಿದು ಇದರ ಮುಂದೆ ಬೋರಲು ಮಲಗುವ ಯುವಕರಿಗೇನೂ ಕಡಿಮೆಯಿಲ್ಲ. ಆದರೆ ಹತ್ತಾರು ಫೋಟೋ ಸೇರಿಸಿ ಒಂದು ಮಾಡಿದರೆ 'ಅದು ಕಂಪ್ಯೂಟರ್ ಕರಾಮತ್ತು ಮಾರಾಯ್ರೆ, ಫೋಟೋವೇ ಅಲ್ಲ' ಎಂದು ಮೂಗು ಮುರಿಯುವವರಿದ್ದಾರೆ. ಈ ಮಾತು ಸರಿಯಲ್ಲ.

ಸೆನ್ಸರ್ ಮೇಲೆ ಹೂ ಇದ್ದಷ್ಟೇ ದೊಡ್ಡದಾಗಿ ಮೂಡುವಷ್ಟು ಹತ್ತಿರ ಹೋದರೆ, ಫುಲ್ ಫ್ರೇಮ್ ಕೆಮರಾದಲ್ಲಿ ಎಫ್ 8ಕ್ಕೆ ಸ್ಪಷ್ಟವಾಗಿ ಸಿಗುವುದು ಸುಮಾರು 1 ಮಿ.ಮೀ. ಆಳ ಮಾತ್ರ. ಎಸಳು ಸರಿ ಬಂದರೆ ಅದರ ಅಡಿಯ ಕೊಂಬು ಮಸುಕು. ಎಫ್ 22ಕ್ಕೆ ಇಟ್ಟರಾಯ್ತಲ್ಲ ಎಂದರೆ ಆಗಲೂ 3 ಮಿ.ಮೀ. ದಾಟುವುದಿಲ್ಲ. ಮೇಲಾಗಿ ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿ ಇಡೀ ಚಿತ್ರವೇ ಮಂಕಾಗುತ್ತದೆ.

ಇದಕ್ಕಿರುವ ದಾರಿ ಫೋಕಸ್ ಸ್ಟ್ಯಾಕಿಂಗ್. ಕೆಮರಾವನ್ನು ಟ್ರೈಪಾಡ್ ಮೇಲೆ ಅಲುಗಾಡದಂತೆ ಇಟ್ಟು, ಫೋಕಸನ್ನು ಮುಂದಿನಿಂದ ಹಿಂದಕ್ಕೆ ಚೂರುಚೂರೇ ಸರಿಸುತ್ತ ಫೋಟೋ ತೆಗೆಯುವುದು. 1 ಸೆಂ.ಮೀ. ಆಳದ ಹೂವಿಗೆ ಸುಮಾರು 15 ಬೇಕಾದೀತು. ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್, ಫೋಟೋಶಾಪ್‌ನಂಥ ತಂತ್ರಾಂಶಗಳು ಪ್ರತಿಯೊಂದರ ಸ್ಪಷ್ಟ ಭಾಗವನ್ನು ಆರಿಸಿ ಜೋಡಿಸುತ್ತವೆ. ಹೊರಗಿನಿಂದ ಏನನ್ನೂ ತಂದು ಅಂಟಿಸುವುದಿಲ್ಲ. ಕಣ್ಣು ಕೂಡ ಎಸಳಿನಿಂದ ಕೊಂಬಿಗೆ ಓಡಾಡಿಯೇ ಹೂವನ್ನು ಪೂರ್ತಿ ನೋಡುವುದಲ್ಲವೇ?

ತಪ್ಪು ಇರುವುದು ಬೇರೆ ಕಡೆ. 15 ಫೋಟೋ ಮುಗಿಯುವಷ್ಟರಲ್ಲಿ ಗಾಳಿ ಬೀಸಿ ಹೂ ಅಲುಗಿದರೆ ಅಂಚುಗಳು ಎರಡೆರಡಾಗಿ ಕಾಣುತ್ತವೆ. ಅದಕ್ಕೇ ಕೆಲವರು ಹೂವನ್ನೇ ಕಿತ್ತು ಮನೆಗೆ ತಂದು ಮೇಜಿನ ಮೇಲೆ ನಿಲ್ಲಿಸುತ್ತಾರೆ. ಒಂದು ಹೂವಿಗಾಗಿ ಸುತ್ತಲಿನ ಹತ್ತು ಗಿಡ ತುಳಿಯುವವರೂ ಉಂಟು. ಮೋಸ ಎನ್ನಬೇಕಾದ್ದು ಇದನ್ನು. ಗಾಳಿ ಏಳುವ ಮೊದಲೇ ಬೆಳಗ್ಗೆ ಹೋಗಬೇಕು, ಕೊಡೆಯನ್ನು ಗಾಳಿಗೆ ಅಡ್ಡ ಹಿಡಿಯಬೇಕು. ಆಗಲೂ ಹೂ ನಿಲ್ಲದಿದ್ದರೆ ಮರುದಿನ ಬಂದರಾಯಿತು.

ಇಷ್ಟೆಲ್ಲ ಕಷ್ಟ ಯಾಕೆ ಎಂದರೆ, ಕೆಂಪುಕಲ್ಲು ಕಡಿದ ಪಾರೆಯಲ್ಲಿ ಈ ಹೂ ಮತ್ತೆ ಏಳುವುದಿಲ್ಲ. ಕಡಿಯುವ ಮೊದಲು ಅಲ್ಲಿ ಏನಿತ್ತು ಎಂದು ಹೇಳಲು ದಾಖಲೆ ಬೇಕು. ಎಸಳು, ಕೊಂಬು, ದಂಟು ಮೂರೂ ಸ್ಪಷ್ಟವಿರುವ ಫೋಟೋ ಇದ್ದರೆ ಜಾತಿ ಗುರುತಿಸಲು ಬಲ್ಲವರಿಗೆ ಸುಲಭ. ಅರ್ಧ ಮಸುಕಾದ ಚಿತ್ರ ಗೋಡೆಗೆ ಚಂದ, ದಾಖಲೆಗೆ ಸಾಲದು.

ಶಾಲೆಗಳ ಪರಿಸರ ಸಂಘಗಳು ಈ ಕೆಲಸವನ್ನು ಮಕ್ಕಳಿಗೆ ಕಲಿಸಬಹುದು. ಫೋಟೋದ ಕೆಳಗೆ ಊರು, ತಾರೀಕು, ಮನೆಯ ಹಿರಿಯರು ಕನ್ನಡದಲ್ಲೋ ತುಳುವಿನಲ್ಲೋ ಹೇಳುವ ಹೆಸರು, ಮಲಯಾಳದ ಹೆಸರು ಎಲ್ಲ ಇರಲಿ. ಜೊತೆಗೆ 'ಇಷ್ಟು ಫೋಟೋ ಸೇರಿಸಿದ್ದು' ಎಂದೂ ಬರೆಯಲಿ. ಹಾಗೆ ಬರೆದ ಮೇಲೆ ಮೋಸದ ಪ್ರಶ್ನೆಯೇ ಬರುವುದಿಲ್ಲ.