ಮನೆಯ ದಫ್ತರ ಮನೆಯಲ್ಲಿರಲಿ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮಹಾನಗರಗಳನ್ನು ಸೇರಿದ ಕನ್ನಡಿಗರ ಮನೆಗಳಲ್ಲಿ ಹಿಂದೆ ಒಂದು ಟ್ರಂಕು ಇರುತ್ತಿತ್ತು. ಜಮೀನಿನ ಕಾಗದಗಳು, ಮಕ್ಕಳ ಜಾತಕ, ಮದುವೆಯ ಆಲ್ಬಮ್, ಹಿರಿಯರ ಪತ್ರಗಳು ಎಲ್ಲವೂ ಅದರಲ್ಲಿ ಭದ್ರವಾಗಿದ್ದವು. ಇಂದು ಆ ಟ್ರಂಕಿನ ಸ್ಥಾನವನ್ನು ಮೊಬೈಲ್ ಆಕ್ರಮಿಸಿಕೊಂಡಿದೆ. ಅಜ್ಜಿಯ ದನಿಯಲ್ಲಿ ಮುದ್ರಿಸಿಕೊಂಡ ಸೋಬಾನೆ ಪದ, ಮಗುವಿನ ಮೊದಲ ಹೆಜ್ಜೆಯ ಚಿತ್ರ, ತಂದೆಯವರ ಹೃದಯ ಪರೀಕ್ಷೆಯ ವರದಿ, ಸಕಲವೂ ಅದರಲ್ಲಿಯೇ. ಟ್ರಂಕಿಗಾದರೋ ಬೀಗವಿತ್ತು, ಅದು ನಮ್ಮ ಮಂಚದ ಕೆಳಗೇ ಇತ್ತು. ಈ ಹೊಸ ದಫ್ತರ ಎಲ್ಲಿದೆ, ಯಾರ ವಶದಲ್ಲಿದೆ ಎಂದು ವಿಚಾರಿಸುವವರು ವಿರಳ.

“ಎಲ್ಲವನ್ನೂ ಗೂಗಲ್‌ನವರು ಇಟ್ಟುಕೊಂಡಿದ್ದಾರಲ್ಲ” ಎಂಬ ಸಮಾಧಾನದ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಆದರೆ ಪರರ ಉಗ್ರಾಣದಲ್ಲಿಟ್ಟ ಸರಕಿಗೆ ಪರರ ಷರತ್ತುಗಳೇ ಅನ್ವಯಿಸುತ್ತವೆ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಚಿತ್ರಗಳನ್ನಿಡುವ ಸೌಲಭ್ಯವು 2021ರ ಜೂನ್ 1ರಂದು ಕೊನೆಗೊಂಡಿತು. ಎರಡು ವರ್ಷಗಳ ಕಾಲ ಬಳಕೆಯಾಗದ ವೈಯಕ್ತಿಕ ಖಾತೆಗಳನ್ನು ಅಳಿಸಿಹಾಕಬಹುದೆಂಬ ನಿಯಮವು 2023ರ ಡಿಸೆಂಬರ್‌ನಿಂದ ಜಾರಿಗೆ ಬಂದಿದೆ. ಮನೆಯ ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಖಾತೆಯನ್ನು ತೆರೆಯುವವರು ಯಾರು? ಅವರು ತೆಗೆದ ಚಿತ್ರಗಳ ಗತಿಯೇನು? ಇದರಲ್ಲಿ ಆ ಸಂಸ್ಥೆಯನ್ನು ದೂಷಿಸುವುದು ನ್ಯಾಯವಲ್ಲ. ನಮ್ಮ ಸೊತ್ತಿನ ಹೊಣೆ ನಮ್ಮದು.

ಆದಕಾರಣ ಮನೆಯಲ್ಲಿಯೇ ಒಂದು ಸಣ್ಣ ಸರ್ವರ್ ಇರಿಸಿಕೊಳ್ಳುವುದು ಉಚಿತವೆಂದು ನನ್ನ ಅಭಿಪ್ರಾಯ. ಸರ್ವರ್ ಎಂದೊಡನೆ ಹೆದರಬೇಕಾಗಿಲ್ಲ. ಸದಾ ಚಾಲನೆಯಲ್ಲಿದ್ದು, ಮನೆಯ ಇತರ ಸಾಧನಗಳು ಕೇಳಿದುದನ್ನು ಒದಗಿಸುವ ಗಣಕಯಂತ್ರಕ್ಕೆ ಆ ಹೆಸರು. ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ದೊಡ್ಡ ಹಾರ್ಡ್ ಡಿಸ್ಕ್ ಜೋಡಿಸಿದರೂ ಕೆಲಸ ನಡೆಯುತ್ತದೆ; ಅದರ ಬ್ಯಾಟರಿ ಉಬ್ಬಿದ್ದರೆ ಮಾತ್ರ ಮೊದಲು ತೆಗೆಸಿಬಿಡಬೇಕು. ಇಮ್ಮಿಚ್ ಎಂಬ ಉಚಿತ ತಂತ್ರಾಂಶವು ಮನೆಮಂದಿಯ ಮೊಬೈಲ್‌ಗಳಲ್ಲಿನ ಚಿತ್ರಗಳನ್ನು ತಾನಾಗಿಯೇ ಸಂಗ್ರಹಿಸಿಕೊಳ್ಳುತ್ತದೆ. 2018ರಲ್ಲಿ ಆರಂಭವಾದ ಜೆಲ್ಲಿಫಿನ್, ನಾವು ಕೂಡಿಟ್ಟ ಹಾಡು ಮತ್ತು ವೀಡಿಯೋಗಳನ್ನು ಟಿ.ವಿ.ಯ ತೆರೆಗೆ ತಲುಪಿಸುತ್ತದೆ. ಯಂತ್ರವು 20 ವ್ಯಾಟ್ ವಿದ್ಯುತ್ ಬಳಸಿದರೆ ತಿಂಗಳಿಗೆ ಸುಮಾರು 14 ಯೂನಿಟ್, ವರ್ಷಕ್ಕೆ ಸುಮಾರು 175 ಯೂನಿಟ್ ಖರ್ಚಾಗುತ್ತದೆ. ಇದು ಭರಿಸಲಾಗದ ವೆಚ್ಚವೇನಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬಹಳ ಮಂದಿ ಸರ್ವರ್ ಕಟ್ಟುವುದು ಚಲನಚಿತ್ರ ನೋಡುವ ಆಸೆಯಿಂದ. ಅದು ತಪ್ಪಲ್ಲ. ಆದರೂ ಚಲನಚಿತ್ರವು ಕಳೆದರೆ ಮತ್ತೆಲ್ಲಿಯಾದರೂ ದೊರೆತೀತು. ಅಜ್ಜಿಯ ದನಿ ದೊರೆಯದು. ಮರಳಿ ದೊರೆಯದ ವಸ್ತುವಿಗೇ ಮೊದಲ ಸ್ಥಾನ ಸಲ್ಲಬೇಕು.

ಒಂದೇ ಬಗೆಯ ಎರಡು ಡಿಸ್ಕುಗಳನ್ನು ಜೋಡಿಸಿ, ಒಂದರಲ್ಲಿ ಬರೆದುದು ಇನ್ನೊಂದರಲ್ಲಿಯೂ ಮೂಡುವಂತೆ ಮಾಡುವ ವ್ಯವಸ್ಥೆಯಿದೆ. ಒಂದು ಡಿಸ್ಕು ಕೆಟ್ಟಾಗ ಅದು ನೆರವಾಗುತ್ತದೆಂಬುದು ನಿಜ. ಆದರೆ ಕಡತವೊಂದನ್ನು ಅಕಸ್ಮಾತ್ತಾಗಿ ಅಳಿಸಿದರೆ ಎರಡರಿಂದಲೂ ಅದು ಆ ಕ್ಷಣವೇ ಮಾಯವಾಗುತ್ತದೆ. ಹಿಂದೆ ರಸೀದಿಯ ಮೇಲೆ ಎಳೆದ ಗೆರೆ ಕೆಳಗಿನ ಕಾರ್ಬನ್ ಪ್ರತಿಯಲ್ಲಿಯೂ ಮೂಡುತ್ತಿತ್ತಲ್ಲವೆ? ಹಾಗೆಯೇ ಇದು. ಇದನ್ನು ಬ್ಯಾಕಪ್ ಎಂದು ಭಾವಿಸಲಾಗದು. ಬಲ್ಲವರು ಹೇಳುವ ನಿಯಮ 3-2-1: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೊಂದು ಸ್ಥಳದಲ್ಲಿ.

ಈ ಕಡೆಯ ಮಾತಿನ ಬೆಲೆ ದೊಡ್ಡ ಸಂಸ್ಥೆಗಳಿಗೂ ತಿಳಿದಿದೆ. ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ 1998ರಲ್ಲಿ, ತಯಾರಾಗುತ್ತಿದ್ದ ‘ಟಾಯ್ ಸ್ಟೋರಿ 2’ ಚಿತ್ರದ ಕಡತಗಳು ತಪ್ಪಾದ ಒಂದು ಆಜ್ಞೆಯಿಂದ ಅಳಿಸಿಹೋದವು. ಬ್ಯಾಕಪ್ ತೆರೆದು ನೋಡಿದರೆ ಅದೂ ದೋಷಯುಕ್ತ. ಎಳೆಯ ಕೂಸಿನ ಕಾರಣ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್ಮನ್ ಎಂಬಾಕೆಯ ಮನೆಯಲ್ಲಿದ್ದ ಪ್ರತಿಯೇ ಆಗ ಆಪತ್ತಿಗೆ ಒದಗಿತು.

ಬೇರೊಂದು ಸ್ಥಳವನ್ನು ಹುಡುಕುವ ತೊಂದರೆ ನಮ್ಮಂಥವರಿಗಿಲ್ಲ. ನಮಗೆ ಊರಿನ ಮನೆಯಿದೆ. ಗುಪ್ತಪದವಿಲ್ಲದೆ ತೆರೆಯದಂತೆ ಬಂದೋಬಸ್ತು ಮಾಡಿದ ಒಂದು ಡಿಸ್ಕು ಅಲ್ಲಿನ ಕಪಾಟಿನಲ್ಲಿರಲಿ. ದಸರೆಗೋ ಬೇಸಿಗೆ ರಜೆಗೋ ಹೋದಾಗ ಹೊಸ ಪ್ರತಿಯನ್ನಿಟ್ಟು ಹಳೆಯದನ್ನು ತಂದರಾಯಿತು. ನಗರದ ಮನೆಗೆ ಮಳೆಗಾಲದ ನೀರು ನುಗ್ಗಿದರೂ ಆ ಪ್ರತಿಗೆ ಬಾಧೆಯಿಲ್ಲ.

ಎರಡು ಕರ್ತವ್ಯಗಳು ಉಳಿಯುತ್ತವೆ. ಮೊದಲನೆಯದು ತಪಾಸಣೆ. ತಿಜೋರಿಯ ನಗದನ್ನು ಎಣಿಸದೆ ಪುಸ್ತಕದ ಶಿಲ್ಕನ್ನು ನಂಬುವ ಪದ್ಧತಿ ಯಾವ ಬ್ಯಾಂಕಿನಲ್ಲಿಯೂ ಇಲ್ಲ. ಅಂತೆಯೇ ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ನಾಲ್ಕು ಕಡತಗಳನ್ನು ಮರಳಿ ತೆಗೆದು, ತೆರೆಯುತ್ತವೆಯೇ ಎಂದು ನೋಡಬೇಕು. ಎರಡನೆಯದು ನಾಮನಿರ್ದೇಶನ. ಸರ್ವರ್ ಕಟ್ಟಿದವರೊಬ್ಬರಿಗೇ ಅದರ ಮರ್ಮ ತಿಳಿದಿದ್ದರೆ ಅವರ ನಂತರ ಅದು ಬರಿಯ ಕಬ್ಬಿಣದ ಪೆಟ್ಟಿಗೆ. ಗುಪ್ತಪದವನ್ನೂ ತೆರೆಯುವ ಕ್ರಮವನ್ನೂ ಕಾಗದದಲ್ಲಿ ಕನ್ನಡದಲ್ಲಿಯೇ ಬರೆದು, ಲಕೋಟೆಯಲ್ಲಿಟ್ಟು, ಮನೆಯ ಇನ್ನೊಬ್ಬರಿಗೆ ತಿಳಿಸಬೇಕು. ತಂದೆಯವರನ್ನು ಅಪರಾತ್ರಿಯಲ್ಲಿ ಆಸ್ಪತ್ರೆಗೆ ಸೇರಿಸಿದಾಗ ವೈದ್ಯರು ಹಳೆಯ ಇ.ಸಿ.ಜಿ. ಕೇಳುವುದುಂಟು, ಹೊಸದರೊಡನೆ ಹೋಲಿಸಿ ನೋಡಲು. ಆಗ ಅದನ್ನು ತೆಗೆದುಕೊಡಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರಬೇಕಲ್ಲವೆ?

ನಮ್ಮ ಸಂಘಗಳಲ್ಲಿ ಗಣಕ ವಿದ್ಯೆ ಬಲ್ಲ ತರುಣ ತರುಣಿಯರಿಗೆ ಕೊರತೆಯಿಲ್ಲ. ವರ್ಷದಲ್ಲಿ ಒಂದೆರಡು ಭಾನುವಾರಗಳನ್ನು ಅವರು ಹಿರಿಯ ಸದಸ್ಯರ ಮನೆಗಳಲ್ಲಿ ಈ ಕೆಲಸಕ್ಕೆ ಮೀಸಲಿಡುವಂತಾದರೆ ಅನೇಕ ಕುಟುಂಬಗಳ ನೆನಪುಗಳು ಉಳಿದಾವು. ಸಂಘದ ಪದಾಧಿಕಾರಿಗಳು ಈ ಬಗ್ಗೆ ಯೋಚಿಸಬೇಕೆಂದು ವಿನಂತಿ.